ಗುರುಪಾದರ ಪೆನ್ಸಿಲ್ಲು

ಸ್ವೀಡನ್ನಿನ ಯೋನ್‌ಶೋಪಿಂಗ್ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದ ಗುರುಪಾದರಿಗೆ ಅವಸರದ ಸಮೀಕ್ಷೆ ಕಂಡರೆ ಆಗುತ್ತಿರಲಿಲ್ಲ. 2015ರಲ್ಲಿ, ಅಮೆರಿಕದ ಪಕ್ಷಗಳು ಅಧ್ಯಕ್ಷ ಸ್ಥಾನಕ್ಕೆ ತಮ್ಮ ಅಭ್ಯರ್ಥಿಯನ್ನು ಆರಿಸುವ ಪ್ರಾಥಮಿಕ ಚುನಾವಣೆಗೆ ಇನ್ನೂ ತಿಂಗಳುಗಟ್ಟಲೆ ಇರುವಾಗ, ಅಲ್ಲಿನವರು ‘ಫಿಕಾ’ ಎನ್ನುವ ಕಾಫಿ ವಿರಾಮದ ಮೇಜಿನಲ್ಲಿ ಯಾರಾದರೂ “ಇವರೇ ಮುಂದಿದಾರಂತೆ” ಎಂದರೆ ಸಾಕು, “ಏನ್ರೀ, ಅಕ್ಕಿ ತೊಳೆಯೋಕ್ ಮುಂಚೇನೇ ಅನ್ನ ಬೆಂದಿದೆಯಾ ಅಂತ ಹಿಸುಕಿ ನೋಡ್ತೀರಲ್ಲ!” ಎಂದು ಒಂದು ದಾಲ್ಚಿನ್ನಿ ಬನ್ನಿನ ಪಂದ್ಯ ಕಟ್ಟುವರು. ಮುಂದಿರುವವರ ಹೆಸರನ್ನು ತಮ್ಮ ನೀಲಿ ಪುಸ್ತಕದಲ್ಲಿ ಪೆನ್ಸಿಲ್ಲಿನಿಂದ ಬರೆದುಕೊಳ್ಳುವರು. ಮತ ಎಣಿಸಿದ ಮೇಲಷ್ಟೇ ಪೆನ್ನು. ಸಹೋದ್ಯೋಗಿಗಳ ಮದುವೆ ನಿಶ್ಚಯವಾದರೆ ಅದೂ ಪೆನ್ಸಿಲ್ಲಿನಲ್ಲೇ. ವರ್ಷಕ್ಕೆ ಮೂರು ರಬ್ಬರು ಸವೆಯುತ್ತಿದ್ದವು. ಆ ಸೆಪ್ಟೆಂಬರಿನಲ್ಲಿ ಅವರ ಕಾಯಿಲೆ ನೋಡಿ ಡಾಕ್ಟರು “ಹೆಚ್ಚೆಂದರೆ ಕ್ರಿಸ್‌ಮಸ್‌ವರೆಗೆ” ಎಂದಾಗಲೂ ಅದೇ ಚಾಳಿ. “ಒಬ್ರೇ ಡಾಕ್ಟ್ರು, ಒಂದೇ ಸ್ಯಾಂಪಲ್ಲು. ಸಿಂಧೂರ, ನೀನು ಡಾಕ್ಟ್ರ ಪಕ್ಷ. ಬನ್ ಕಟ್ಟು” ಎಂದು ತಮ್ಮ ಸಂಶೋಧನಾ ವಿದ್ಯಾರ್ಥಿನಿಯನ್ನು ಪೀಡಿಸಿದರು. “ಹೋಗಿ ಸರ್, ಇದಕ್ಕೆಲ್ಲಾ ಯಾರಾದ್ರೂ ಬೆಟ್ ಕಟ್ತಾರಾ?” ಎಂದವಳು, ಸೋಲುವ ಆಸೆಯಿಂದಲೇ ಒಪ್ಪಿದಳು. ಡಿಸೆಂಬರ್ ಇಪ್ಪತ್ತಾರರ ಬೆಳಿಗ್ಗೆ ಫೋನು ಬಂತು: “ಎಲ್ಲಮ್ಮಾ ನನ್ನ ಬನ್ನು?” ಅವಳು ಆರು ಒಯ್ದಳು. ಫೆಬ್ರವರಿಯಲ್ಲಿ ಅಮೆರಿಕದ ಮೊದಲ ರಾಜ್ಯದ ಮತ ಎಣಿಕೆ ನೋಡಿ, ಪೆನ್ಸಿಲ್ಲಿನ ಹೆಸರೊಂದನ್ನು ಅಳಿಸಿ ಮಗುವಿನಂತೆ ನಕ್ಕರು. ಮಾರ್ಚ್ ಹನ್ನೊಂದಕ್ಕೆ ಹೋದರು. ನೀಲಿ ಪುಸ್ತಕದ ಕೊನೆಯ ಪುಟದಲ್ಲಿ “ಗುರುಪಾದ: ಕ್ರಿಸ್‌ಮಸ್” ಎಂದು ಪೆನ್ಸಿಲ್ಲಿನಲ್ಲಿತ್ತು. ಸಿಂಧೂರ ಅದನ್ನು ಅಂದೇ ಅಳಿಸಿದಳು. ಪೆನ್ನು ತೆಗೆದು ಸರಿಯಾದ ತಾರೀಖು ಬರೆಯಲು ಮಾತ್ರ ಅವಳಿಗೆ ಒಂದು ವಾರ ಹಿಡಿಯಿತು.