ಬೆಚ್ಚಗಿದ್ದ ಮಣ್ಣು

ದೆವ್ವ, ಗಾಳಿ, ಶಕುನ ಎಂದವರನ್ನೆಲ್ಲ ನಾನು ಗೇಲಿ ಮಾಡಿಕೊಂಡೇ ಬಂದವನು. ಈಗಲೂ ಅವನ್ನು ನಂಬುತ್ತೇನೆಂದು ಹೇಳಲಾರೆ. ಆದರೆ ಕೆಲವು ವರ್ಷಗಳ ಹಿಂದೆ ನನ್ನ ತಂಗಿಯ ಮನೆಯ ಹಿತ್ತಲಲ್ಲಿ ಆದದ್ದನ್ನು ಯಾವ ಲೆಕ್ಕಕ್ಕೆ ಸೇರಿಸಬೇಕೋ ಇಂದಿಗೂ ತಿಳಿದಿಲ್ಲ.

ಹುಣಸೂರಿನಲ್ಲಿ ನನ್ನದೊಂದು ನರ್ಸರಿ ಇದೆ. ಗಿಡ ಮಾರುವುದರ ಜೊತೆಗೆ ಮನೆಗಳಿಗೆ ಕೈತೋಟ ಮಾಡಿಕೊಡುತ್ತೇನೆ. ತಂಗಿ ಮಂಜುಳಾ ಮತ್ತು ಅವಳ ಗಂಡ ಶಿವಣ್ಣ ಕಂಪಲಾಪುರದ ಹತ್ತಿರ ಹೊಸ ಮನೆ ಕಟ್ಟಿಸಿದ್ದರು. ದಿಬ್ಬ ಕಡಿದು ಮಾಡಿದ ಸೈಟು. ಹಿಂದಿನ ಕೋಣೆಯ ಕಿಟಕಿ ತೆರೆದರೆ ಎದುರಿಗೇ ಮೇಲಕ್ಕೇರುವ ಕಡಿದಾದ ಇಳಿಜಾರು. ಆ ಕೋಣೆಯಲ್ಲಿ ಅವರ ಮಗಳು ಚಿನ್ನು ಮಲಗುತ್ತಿದ್ದಳು. ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ಹೂವಿನ ಗಿಡ ಹಾಕಿಕೊಡು ಎಂದು ಮಂಜುಳಾ ದುಂಬಾಲು ಬಿದ್ದಿದ್ದಳು.

ಅಗೆಯುವ ಮೊದಲು ಇಳಿಜಾರು ಗಟ್ಟಿಯಿದೆಯೇ ಎಂದು ನೋಡುವುದು ನನ್ನ ಪದ್ಧತಿ. ಅಂದು ಮಧ್ಯಾಹ್ನ ಎಲ್ಲ ನೋಡಿದೆ. ನೆತ್ತಿಯಲ್ಲಿ ಬಿರುಕಿರಲಿಲ್ಲ. ಬೇವಿನ ಮರ ನೆಟ್ಟಗೆ ನಿಂತಿತ್ತು. ಬುಡದಲ್ಲಿ ನೀರು ಒಸರುತ್ತಿರಲಿಲ್ಲ. ಗುಂಡಿ ತೆಗೆದು ಸುರಿದ ನೀರು ಸರಿಯಾಗಿಯೇ ಇಂಗಿತು. "ಬದ್ರವಾಗೇ ಅದೆ, ನಾಳೆನೇ ಕೆಲ್ಸ ಶುರು ಮಾಡ್ತೀನಿ" ಎಂದು ಹೇಳಿಯೂ ಬಿಟ್ಟೆ.

ಸಂಜೆ ಸಾಮಾನು ಎತ್ತಿಕೊಳ್ಳಲು ಮತ್ತೆ ಹತ್ತಿದೆ. ಆಗ ಹೊಗೆಸೊಪ್ಪು ಬೇಯುವ ವಾಸನೆ ಬಂತು. ನಮ್ಮ ಕಡೆಯವರಿಗೆ ಆ ಸಿಹಿ ಘಾಟು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಅದು ಮಳೆಗಾಲದ ಆರಂಭ. ಸೊಪ್ಪು ಇನ್ನೂ ಹೊಲದಲ್ಲಿ ಗೇಣುದ್ದ ಇತ್ತು. ಸೊಪ್ಪು ಬೇಯಿಸುವ ಯಾರ ಬ್ಯಾರನ್ ಮನೆಯಲ್ಲೂ ಬೆಂಕಿ ಇರಲಿಲ್ಲ. ವಾಸನೆ ನನ್ನ ಕಾಲಬುಡದಿಂದಲೇ ಬರುತ್ತಿತ್ತು.

ನಮ್ಮಪ್ಪ ಬ್ಯಾರನ್ನಿಗೆ ಸೌದೆ ಹಾಕುವಾಗ, ಥರ್ಮಾಮೀಟರ್ ನೋಡುವ ಮೊದಲು ಹೊರಗೋಡೆಗೆ ಅಂಗೈ ಒತ್ತಿ ಕಾವು ನೋಡುತ್ತಿದ್ದ. ಅದೇ ಅಭ್ಯಾಸದಲ್ಲಿ ನಾನೂ ಮಣ್ಣಿಗೆ ಅಂಗೈ ಒತ್ತಿದೆ. ಬೆಚ್ಚಗಿತ್ತು. ಬಿಸಿಲಿಗೆ ಕಾದದ್ದು ಎನ್ನೋಣವೆಂದರೆ ಬೆಳಗಿನಿಂದ ಮೋಡ. ಒಂದು ಮಾರು ಆಚೆ ಮುಟ್ಟಿದರೆ ತಣ್ಣಗೆ. ಮತ್ತೆ ಇಲ್ಲಿ ಮುಟ್ಟಿದರೆ ಮೊದಲಿಗಿಂತ ಬಿಸಿ. ಒಳಗೆ ಯಾರೋ ಸೌದೆ ನೂಕುತ್ತಿದ್ದಾರೆ ಎನ್ನಿಸಿತು. ನನಗೆ ವಿಪರೀತ ಭಯವಾಯಿತು. ಗುದ್ದಲಿಯನ್ನು ಅಲ್ಲೇ ಬಿಟ್ಟು ಓಡಿ ಇಳಿದೆ.

"ಇವತ್ತು ಮಗಾನ ಮುಂದ್ಲ ರೂಮಲ್ಲಿ ಮಲಗ್ಸು" ಎಂದೆ ಮಂಜುಳಾಗೆ.

"ಯಾಕಣ್ಣ? ಬದ್ರವಾಗೇ ಅದೆ ಅಂದ್ಯಲ್ಲ ಮಧ್ಯಾನ."

"ಅಂದೆ ಕಣವ್ವ. ಈಗ ಮಲಗ್ಸು, ಅಷ್ಟೆ."

ಶಿವಣ್ಣ ಮೇಲೆ ಹೋಗಿ ಅದೇ ಜಾಗವನ್ನು ಮುಟ್ಟಿ ಬಂದ. "ತಣ್ಣಗದೆ ಕಣ್ರೀ ಬಾವ. ವಾಸ್ನೆನೂ ಇಲ್ಲ, ಏನೂ ಇಲ್ಲ" ಎಂದು ನಕ್ಕ. ಮಂಜುಳಾ ನಗಲಿಲ್ಲ. ಮಗಳ ಹಾಸಿಗೆಯನ್ನು ಮುಂದಿನ ಕೋಣೆಗೆ ಎತ್ತಿಕೊಂಡು ಹೋದಳು. ನಾನೂ ಅಲ್ಲೇ ಉಳಿದೆ.

ಆ ರಾತ್ರಿ ಮಳೆ ಸುರಿಯಿತು. ಬೆಳಗಾಗುವ ಮೊದಲೇ ಇಳಿಜಾರು ಜಾರಿ, ಹಿಂದಿನ ಗೋಡೆ ಒಡೆದು ಒಳನುಗ್ಗಿತ್ತು. ಚಿನ್ನುವಿನ ಮಂಚ ಮಣ್ಣಿನಡಿಯಲ್ಲಿ ಕಾಣಲೇ ಇಲ್ಲ. ಮಗಳನ್ನು ಎತ್ತಿಕೊಂಡು ಮಂಜುಳಾ ಅಂಗಳಕ್ಕೆ ಓಡಿದಳು.

ಮಣ್ಣು ತೆಗೆಯುವಾಗ ಸುಟ್ಟು ಕರಿಯಾದ ಇಟ್ಟಿಗೆ, ತುಕ್ಕು ಹಿಡಿದ ಹೊಗೆಕೊಳವೆ ಸಿಕ್ಕವು. ಪಕ್ಕದ ಹೊಲದ ಅಜ್ಜಿ, "ಈ ದಿಬ್ಬದ್ ಮ್ಯಾಲೆ ಬ್ಯಾರನ್ ಇತ್ತು ಕಣಪ್ಪ. ಸೊಪ್ಪಿನ ಸಮೇತ ಉರುದೋಯ್ತು. ಅದು ಕುಸ್ದು ಬಿದ್ದ ಗುಂಡಿಗೇ ಮಣ್ ತುಂಬ್ಬುಟ್ಟು, ದಿಬ್ಬ ಕಡ್ದು ಸೈಟ್ ಮಾಡಿ ಮಾರುದ್ರು" ಎಂದಳು. ನಾನು ನೀರು ಸುರಿದು ನೋಡಿದ ಗುಂಡಿ ಆ ತುಂಬಿದ ಜಾಗದ ಪಕ್ಕದ ಗಟ್ಟಿ ನೆಲದಲ್ಲಿತ್ತು. ತುಂಬಿದ ಸಡಿಲ ಮಣ್ಣು ಮಳೆಗೆ ಜಾರಿತು. ಅಷ್ಟು ನನಗೂ ಅರ್ಥವಾಗುತ್ತದೆ. ಎಂದೋ ಆರಿಹೋದ ಬೆಂಕಿಯ ಕಾವು ನನ್ನ ಅಂಗೈಗೆ ಹೇಗೆ ತಾಗಿತು? ಇಟ್ಟಿಗೆಗಳನ್ನು ಮುಟ್ಟಿ ಮುಟ್ಟಿ ನೋಡಿದೆ. ಎಲ್ಲವೂ ತಣ್ಣಗಿದ್ದವು.

"ಮಾವ, ನಿಂಗೆ ಎಂಗ್ ಗೊತ್ತಾಯ್ತು?" ಎಂದು ಚಿನ್ನು ಈಗಲೂ ಕೇಳುತ್ತಾಳೆ. ಯಾವ ಇಳಿಜಾರಿಗೆ ಹೋದರೂ ಬಿರುಕು, ಮರ, ನೀರು ಎಲ್ಲ ನೋಡಿ, ಕೊನೆಗೆ ಯಾರೂ ಇಲ್ಲದಾಗ ಮಣ್ಣಿಗೆ ಅಂಗೈ ಒತ್ತುತ್ತೇನೆ. ಇದುವರೆಗೆ ಎಲ್ಲ ಕಡೆಯೂ ತಣ್ಣಗೇ ಇದೆ. ಆದರೂ ಕೈ ತೆಗೆಯಲು ಧೈರ್ಯ ಬರುವುದಿಲ್ಲ. ತೆಗೆದ ಮೇಲೆ ಬಿಸಿಯಾದರೆ?