ಹತ್ತು ವ್ಯಾಟಿನ ಧೈರ್ಯ

ಕಳೆದ ಮಂಗಳವಾರ ಮಹಾಪೆಯ ಒಂದು ವರ್ಕ್‌ಶಾಪಿನ ಗೋಡೆಯ ಮೇಲಿದ್ದ ಕೆಂಪು ಚುಕ್ಕೆ ನನ್ನ ಕಣ್ಣೆದುರೇ ಸತ್ತುಹೋಯಿತು. ಕೊಂದದ್ದು ನಾನೇ ಇರಬೇಕು. ಖಚಿತವಾಗಿ ಹೇಳಲಾರೆ. ತೊಂದರೆ ಇರುವುದೇ ಅಲ್ಲಿ.

ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿ ನಿವೃತ್ತನಾದ ನಾನು ಈಗ ವಾಸುದೇವ ಭಟ್ಟರ ವರ್ಕ್‌ಶಾಪಿಗೆ ಸಲಹೆಗಾರ. ಭಟ್ಟರದು ಉಡುಪಿಯ ಹೋಟೆಲ್ ಮನೆತನ. ಇವರೊಬ್ಬರು ಮಾತ್ರ ಇಡ್ಲಿ ಬಿಟ್ಟು ಲೇಸರ್ ಹಿಡಿದರು. ಸರ್ಕ್ಯೂಟ್ ಬೋರ್ಡಿನ ನಕ್ಷೆಯನ್ನು ಫಿಲ್ಮಿನ ಮೇಲೆ ಬೆಳಕಿನಿಂದ ಬರೆಯುವ ಯಂತ್ರ ಕಟ್ಟುತ್ತಿದ್ದಾರೆ.

ಅದರ ಜೀವ ಅಕೌಸ್ಟೊ-ಆಪ್ಟಿಕ್ ಮಾಡ್ಯುಲೇಟರ್ ಎಂಬ ಪುಟ್ಟ ಹರಳು. (ಹೆಸರಿಗೆ ಹೆದರಬೇಡಿ.) ಕಿವಿಗೆ ಕೇಳದ ಶಬ್ದವನ್ನು ಅದರೊಳಗೆ ಹಾಯಿಸಿದರೆ ಲೇಸರ್ ಪಕ್ಕಕ್ಕೆ ತಿರುಗುತ್ತದೆ. ನಿಲ್ಲಿಸಿದರೆ ನೇರ ಹೋಗುತ್ತದೆ. ಆ ಶಬ್ದ ಹುಟ್ಟಿಸಲು ರೇಡಿಯೊ ಸಿಗ್ನಲ್ ಬೇಕು, ಸಿಗ್ನಲ್ಲಿಗೆ ಬಲ ತುಂಬಲು ಆಂಪ್ಲಿಫೈಯರ್ ಬೇಕು. ಎಷ್ಟು ಬಲದ್ದು? ಆರಿಸುವ ಕೆಲಸ ನನ್ನದು.

“ಹತ್ತು ವ್ಯಾಟಿನದ್ದೇ ತಕೊಳ್ಳುವ ಸರ್,” ಎಂದರು ಭಟ್ಟರು. “ಹೋಟ್ಲಿಗೆ ಗ್ರೈಂಡರ್ ತಕೊಳ್ಳುವಾಗ ಅಪ್ಪ ಯಾವತ್ತೂ ಒಂದು ಸೈಜ್ ದೊಡ್ಡದೇ ತಕೊಳ್ಳುವುದು. ಮೋಟಾರಿಗೆ ಆಯಾಸ ಇಲ್ಲ.”

“ಇದು ಉದ್ದಿನ ಹಿಟ್ಟಲ್ಲ ಭಟ್ರೇ. ಹರಳು ಎರಡು ವ್ಯಾಟಿಗಿಂತ ಹೆಚ್ಚು ತಾಳುವುದಿಲ್ಲ.”

“ನಾಬ್ ನಿಮ್ಮ ಕೈಯಲ್ಲೇ ಉಂಟಲ್ಲ? ಎರಡಕ್ಕೆ ನಿಲ್ಲಿಸಿದ್ರಾಯ್ತು. ನಾಳೆ ದೊಡ್ಡ ಹರಳು ಬಂದ್ರೆ ಇನ್ನೊಂದು ಆಂಪ್ಲಿಫೈಯರ್ ತಕೊಳ್ಳುವುದು ಯಾಕೆ ಮಾರಾಯ್ರೆ?”

ತಪ್ಪೇನಿಲ್ಲ. ದೊಡ್ಡ ಆಂಪ್ಲಿಫೈಯರನ್ನು ಮೆಲ್ಲಗೆ ದುಡಿಸಿದರೆ ಸಿಗ್ನಲ್ ಶುದ್ಧವಾಗಿರುತ್ತದೆ ಎಂದು ನಾನೇ ಪಾಠ ಮಾಡಿದ್ದೇನೆ. ಒಂದೇ ಷರತ್ತು: ಸ್ವಿಚ್ ಹಾಕುವ ಮುಂಚೆ ಸಿಗ್ನಲ್ ಜನರೇಟರಿನ ನಾಬ್ ಇಳಿಸಿರಬೇಕು. ಇಳಿಸಲು ನೆನಪಿರಬೇಕು.

ನನ್ನ ನೆನಪಿನ ಕಥೆ ಹೇಳಲೇ? ಬೆಳಿಗ್ಗೆ ಡೊಂಬಿವಲಿಯಲ್ಲಿ ಲೋಕಲ್ ರೈಲು ಹತ್ತಿದರೆ ದಿವಾ ಸ್ಟೇಷನ್ ಬರುವಷ್ಟರಲ್ಲಿ ಹೆಂಡತಿಗೆ ಫೋನ್. “ಗ್ಯಾಸ್ ಆಫ್ ಇದೆಯಾ ನೋಡು.”

“ಇದೆ. ನಿನ್ನೆನೂ ಇತ್ತು. ನಾಳೆನೂ ಇರುತ್ತೆ. ಇಡಿ ಫೋನು.”

ಎರಡು ವ್ಯಾಟಿನ ಆಂಪ್ಲಿಫೈಯರ್ ಆದರೆ ನಾನು ಮರೆತರೂ ಹರಳು ಉಳಿಯುತ್ತದೆ. ಅದನ್ನು ಕೇಳಲು ಒಂದೇ ವಾಕ್ಯ ಸಾಕಿತ್ತು: ಭಟ್ರೇ, ನನಗೀಗ ಮರೆಯುತ್ತದೆ. ಅದನ್ನು ಬಿಟ್ಟು ಬೇರೆಲ್ಲ ಮಾತಾಡಿದೆ. ಶಾಖ, ಫ್ಯಾನು, ಪವರ್ ಸಪ್ಲೈ. ಕೊನೆಗೆ “ಆಗಲಿ, ಹತ್ತೇ ಇರಲಿ” ಎಂದೆ. ದೊಡ್ಡ ಧೈರ್ಯವಂತ!

ಸೋಮವಾರ ಹರಳು ಜೋಡಿಸದೆ, ಅದರ ಜಾಗದಲ್ಲಿ ಬಲವನ್ನೆಲ್ಲ ಹೀರಿಕೊಳ್ಳುವ ಬೇರೊಂದು ಲೋಡ್ ಹಾಕಿ, ನಾಬ್ ಪೂರ್ತಿ ಏರಿಸಿ ಆಂಪ್ಲಿಫೈಯರ್ ಪರೀಕ್ಷೆ ಮಾಡಿದೆ. ಮಂಗಳವಾರ ಹರಳು ಜೋಡಿಸಿ ಸ್ವಿಚ್ ಹಾಕಿದೆ. ಪಕ್ಕಕ್ಕೆ ತಿರುಗಿದ ಲೇಸರಿನ ಚುಕ್ಕೆ ಗೋಡೆಯ ಮೇಲೆ ಬೆಳಗಿತು, ಮಂಕಾಯಿತು, ಹೋಯಿತು.

ನಾಬ್ ಇಳಿಸಿದ್ದೆನೇ? ಇಳಿಸಿದ ನೆನಪು ಬೆರಳಲ್ಲಿದೆ. ಅದು ಮಂಗಳವಾರದ ನೆನಪೋ, ಸೋಮವಾರ ಪೂರ್ತಿ ಏರಿಸುವ ಮುಂಚಿನದ್ದೋ? ನೋಡಿದರೆ ಗೊತ್ತಾಗುತ್ತಿತ್ತು. ಆದರೆ ಗಾಬರಿಯಲ್ಲಿ ಕೈ ತಾನೇ ಹೋಗಿ ಅದನ್ನು ಸೊನ್ನೆಗೆ ತಿರುಗಿಸಿಬಿಟ್ಟಿತ್ತು. ಪ್ರಶ್ನಿಸದೆ ಏನನ್ನೂ ನಂಬಬೇಡಿ ಎಂದು ವಿದ್ಯಾರ್ಥಿಗಳಿಗೆ ಹೇಳಿದವನು, ಇದ್ದೊಂದು ಸಾಕ್ಷಿಯನ್ನೂ ಅಳಿಸಿದ್ದೆ.

(ನಡುವೆ ಸಿಗ್ನಲ್ ತಗ್ಗಿಸುವ ಅಟೆನ್ಯುಯೇಟರ್ ಹಾಕಬಾರದಿತ್ತೇ ಎಂದು ಇಂಜಿನಿಯರ್ ಓದುಗರು ಕೇಳಬಹುದು. ತರಿಸಿದ್ದೆ ಸ್ವಾಮಿ. ಎಲ್ಲಿಟ್ಟೆನೋ!)

ಭಟ್ಟರು ಬಂದು ಹರಳನ್ನು ಲೆನ್ಸಿನ ಕೆಳಗೆ ಹಿಡಿದು ನೋಡಿದರು. ಇದ್ದದ್ದು ಅದೊಂದೇ. ವಿದೇಶದಿಂದ ಇನ್ನೊಂದು ಬರಲು ತಿಂಗಳುಗಳೇ ಬೇಕು. ಅಲ್ಲಿಯವರೆಗೆ ಯಂತ್ರ ಬರೀ ಡಬ್ಬ.

“ಬರುವಾಗಲೇ ಬಿರುಕು ಇದ್ದಿರ್ಬೇಕು ಸರ್.”

“ನಾಬ್ ಏರಿಯೇ ಇತ್ತೋ ಏನೋ ಭಟ್ರೇ.”

“ಎಂತದ್ದೂ ಇಲ್ಲ. ನೀವು ಇಳಿಸಿದ್ರಿ. ನಾನು ಕಣ್ಣಾರೆ ನೋಡಿದ್ದೇನೆ. ಚಾ ಕುಡಿಯಿರಿ.”

ಎಂಥ ನೆಮ್ಮದಿ! ಕುಡಿದೆ. ಮನೆಗೆ ಹೋಗಿ ಹೆಂಡತಿಗೂ ಹೇಳಿದೆ, ಭಟ್ಟರೇ ನೋಡಿದ್ದಾರಂತೆ ಎಂದು. ಆ ರಾತ್ರಿ ನಿದ್ದೆಯೂ ಬಂತು.

ಶುಕ್ರವಾರ ಹೋದಾಗ ಟೇಬಲ್ಲಿನ ಮೇಲಿದ್ದ ಹತ್ತು ವ್ಯಾಟಿನ ಪೆಟ್ಟಿಗೆ ಕಾಣಲಿಲ್ಲ. ಭಟ್ಟರು ನನ್ನ ಮುಖ ನೋಡದೆ ಹೇಳಿದರು, “ಅದನ್ನು ವಾಪಸ್ ಕಳಿಸಿದೆ ಸರ್. ಎರಡು ವ್ಯಾಟಿನದ್ದು ಬರ್ತದೆ.”

ನಾಬ್ ಇಳಿಸಿದ್ದನ್ನು ಕಣ್ಣಾರೆ ಕಂಡವರಿಗೆ ಎರಡು ವ್ಯಾಟಿನದ್ದು ಯಾಕೆ ಬೇಕು?