ಎಮರಿಯ ಮೂರು ವಾರ
ಅಮೆರಿಕದ ವರ್ಮಾಂಟಿನ ನಮ್ಮೂರಲ್ಲಿ ಮನೆಗೆ ಮರದ ನೆಲ ಹಾಕಿಸುವವರು ಮೊದಲು ಬಡಗಿ ಎಮರಿ ಥಿಬೋನಿಂದ ಬೈಸಿಕೊಳ್ಳಬೇಕು. ಅಂಗಡಿಯಿಂದ ಪಾಲಿಶ್ ಆಗಿಯೇ ಬಂದ ಹಲಗೆ ತೋರಿಸಿದರೆ, "ಇದು ನೆಲ ಅಲ್ಲ ಕಣಯ್ಯ, ನೆಲದ ಫೋಟೋ!" ಎಂದು ಒದರುತ್ತಾನೆ. ಅವನಿಗೆ ಎಣ್ಣೆ ಸೋಕದ, ಗೇಣಗಲದ ಬಿಳಿ ಓಕ್ ಹಲಗೆಯೇ ಆಗಬೇಕು. ಒಂದೊಂದನ್ನೂ ಮೂಸಿ, ತಟ್ಟಿ, ಅರ್ಧಕ್ಕರ್ಧ ಒಲೆಗೆಂದು ಆಚೆ ಎಸೆಯುತ್ತಾನೆ. ಉಳಿದದ್ದನ್ನು ನಿಮ್ಮ ನಡುಮನೆಯಲ್ಲಿ ಪೇರಿಸಿಟ್ಟು ಹೋದರೆ ಮೂರು ವಾರ ಆ ಕಡೆ ತಲೆ ಹಾಕುವುದಿಲ್ಲ. ನಮ್ಮ ಪಕ್ಕದ ಮನೆಯ ಡೆಲ್ಫೀನ್, "ಭಾನುವಾರ ನೆಂಟರು ಬರ್ತಾರೆ, ಬೇಗ ಹಾಕ್ಕೊಡಿ" ಎಂದಿದ್ದೇ ತಡ, "ಮರ ಮೊದ್ಲು ನಿನ್ನ ಮನೆ ಗಾಳಿಗೆ ಒಗ್ಗಬೇಕು ತಾಯಿ! ಆತುರಪಟ್ರೆ ಚಳಿಗಾಲಕ್ಕೆ ಕುಗ್ಗಿ ಸಂದು ಬಿಡುತ್ತೆ. ನೆಂಟರನ್ನ ಹಿಮದ ಮೇಲೆ ಕೂರಿಸು!" ಎಂದು ಸುತ್ತಿಗೆ ಎತ್ತಿಕೊಂಡು ಹೊರಟೇಬಿಟ್ಟ. ಇಂಥವನ ಸ್ವಂತ ಮಲಗುವ ಕೋಣೆಯಲ್ಲಿ ಹಲಗೆ ಹಲಗೆಯ ನಡುವೆ ನಾಣ್ಯ ತೂರುವಷ್ಟು ಸಂದಿದೆ. ಹೆಂಡತಿಯನ್ನು ಆಸ್ಪತ್ರೆಯವರು ಇನ್ನು ಮನೆಗೇ ಕರೆದುಕೊಂಡು ಹೋಗಿ ಎಂದಾಗ, ಲಾರಿಯಿಂದ ಇಳಿದ ಹಲಗೆಗಳನ್ನು ಎರಡೇ ದಿನದಲ್ಲಿ ಹಾಸಿದ್ದನಂತೆ. ಆಕೆ ಅದರ ಮೇಲೆ ಬರಿಗಾಲಲ್ಲಿ ಓಡಾಡಿದ್ದು ಒಂಬತ್ತೇ ದಿನ. "ಇದನ್ನ ಕಿತ್ತು ಸರಿಮಾಡಬಾರ್ದಾ?" ಎಂದು ನಾನೊಮ್ಮೆ ಕೇಳಿಬಿಟ್ಟೆ. "ಅದು ಸರಿಯಾಗೇ ಇದೆ, ನೀನು ಮೊದ್ಲು ಬೂಟು ಬಿಚ್ಚು!" ಎಂದು ಗದರಿದ.